ನೀಲಿ ಪೆನ್ಸಿಲ್ಲಿನ ಇಪ್ಪತ್ತೆರಡು ಅಂಕ

ಆ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಅವರನ್ನು ಎಲ್ಲರೂ ಪೆನ್ಸಿಲ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪಾಠ ಹೇಳುವ ಕೆಲಸವನ್ನು ಅವರು ಒಂದು ದಿನವೂ ಮಾಡಿದವರಲ್ಲ. ಮೂವತ್ತಾರು ವರ್ಷ ಒಂದು ಅಚ್ಚುಕೂಟದಲ್ಲಿ ಕೂತು ಕರಡು ತಿದ್ದಿದವರು. ಕಂಡವರ ತಪ್ಪುಗಳನ್ನು ಹುಡುಕಿ ಗೀಟು ಹಾಕುವುದನ್ನೇ ಕಸುಬು ಮಾಡಿಕೊಂಡವರಿಗೆ ಒಂದು ಗತ್ತು ಬರುತ್ತದಲ್ಲ, ಅದು ಅವರಿಗೂ ಬಂದಿತ್ತು. ಮದುವೆಯ ಕರೆಯೋಲೆ ಕೈಗಿಟ್ಟರೆ ಗಂಡು ಯಾರು, ಹೆಣ್ಣು ಯಾರು ಎಂದು ನೋಡುವ ಮೊದಲು ಕಾಗುಣಿತ ನೋಡುತ್ತಿದ್ದರು. ಬಲಗಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಅದರ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ.

ಸಂಜೆಯಾದರೆ ಅದೇ ಪೆನ್ಸಿಲ್ ಅಂಗಳಕ್ಕೆ ಬರುತ್ತಿತ್ತು. ಪಂದ್ಯ ನಡೆಯುವಾಗ ಗೆರೆಯಾಚೆ ಮೇಜು ಹಾಕಿಕೊಂಡು, ಯಾವ ನಂಬರಿನ ಜರ್ಸಿಯವನು ಎಷ್ಟು ಅಂಕ ಹಾಕಿದ ಎಂದು ಸ್ಕೋರ್ ಬುಕ್ಕಿನಲ್ಲಿ ಬರೆಯುವುದು ಅವರ ಪಾಲಿನ ಕೆಲಸ. ಮೊದಲರ್ಧ ಕೆಂಪಿನಲ್ಲಿ, ಎರಡನೆಯರ್ಧ ನೀಲಿಯಲ್ಲಿ. ಒಮ್ಮೆ ಬರೆದದ್ದನ್ನು ಅಳಿಸುವ ಹಾಗಿಲ್ಲ. ಮೂವತ್ತೆಂಟು ವರ್ಷದ ಬುಕ್ಕುಗಳು ಅವರ ಮನೆಯ ಕಬ್ಬಿಣದ ಬೀರುವಿನಲ್ಲಿ ಸಾಲಾಗಿ ನಿಂತಿದ್ದವು. ಹೆಂಡತಿಯ ಬಟ್ಟೆಗಳು ಮದುವೆಯಾದಂದಿನಿಂದ ಗೋಡೆಯ ಗೂಟಗಳಲ್ಲಿ ನೇತಾಡುತ್ತಿದ್ದವು.

ಅಂಗಳದ ಪಕ್ಕದ ಗೋಡೆಗೆ ಒಂದು ತಗಡಿನ ಬೋರ್ಡು ಹೊಡೆದಿತ್ತು. ಅದರ ಮೇಲೆ 'ಈ ಅಂಗಳದ ಹತ್ತು ಮಂದಿ' ಎಂದು ಬರೆದು, ಕೆಳಗೆ ಒಂದರಿಂದ ಹತ್ತರವರೆಗೆ ಹೆಸರುಗಳು. ಇಲ್ಲಿ ಆಡಿದವರಲ್ಲೆಲ್ಲ ಸಾರ್ವಕಾಲಿಕ ದೊಡ್ಡವರು ಯಾರು, ಅವರಲ್ಲಿ ಮೇಲಿನವನು ಯಾರು, ಕೆಳಗಿನವನು ಯಾರು ಎಂದು ವರ್ಷಕ್ಕೊಮ್ಮೆ ತೀರ್ಮಾನವಾಗುತ್ತಿತ್ತು. ಲೀಗ್ ಮುಗಿದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಹನ್ನೆರಡು ಜನ ಬೆಂಚುಗಳ ಮೇಲೆ ಕೂತು ಗಂಟಲು ಹರಿಯುವಂತೆ ವಾದ ಮಾಡುತ್ತಿದ್ದರು. ವಾದ ಮುಗಿದ ಮೇಲೆ ಕೈ ಎತ್ತಿಸುತ್ತಿದ್ದರು. ಆ ಹನ್ನೆರಡರಲ್ಲೇ ಒಬ್ಬನಾದ ಬೋರ್ಡಿನ ಪೇಂಟರ್ ಅದೇ ವಾರ ಹೆಸರುಗಳನ್ನು ಹಿಂದೆ ಮುಂದೆ ಮಾಡಿ ಬರೆಯುತ್ತಿದ್ದ.

ಈ ವಾದಕ್ಕೆ ಮೂರು ಕಟ್ಟುಪಾಡುಗಳಿದ್ದವು. ಯಾರೂ ತನ್ನ ಪರವಾಗಿ ತಾನೇ ಮಾತಾಡಕೂಡದು. ಬೋರ್ಡಿನ ಮೇಲಿದ್ದವನು ಸತ್ತರೆ ಅವನ ಜಾಗ ಅಲ್ಲಿಗೆ ಖಾಯಂ. ಆಮೇಲೆ ಅವನನ್ನು ಮೇಲಕ್ಕೂ ಒಯ್ಯುವಂತಿಲ್ಲ, ಕೆಳಕ್ಕೂ ಇಳಿಸುವಂತಿಲ್ಲ. ಬದುಕಿದ್ದಾಗ ಬೋರ್ಡಿಗೆ ಬಾರದವನನ್ನು ಸತ್ತ ಮೇಲೆ ಏರಿಸುವಂತಿಲ್ಲ. ಈ ಕೊನೆಯದಕ್ಕೆ ಒಂದು ಕಾರಣವಿತ್ತು. ಹಿಂದೊಮ್ಮೆ ಒಬ್ಬನ ಹೆಂಡತಿ ಬಂದು ಕೋಣೆಯ ಬಾಗಿಲಲ್ಲಿ ನಿಂತು ಅತ್ತಳೆಂದು, ಒಂದು ಪಂದ್ಯವನ್ನೂ ಪೂರ್ತಿ ಆಡದವನನ್ನು ಎಂಟನೆಯ ಜಾಗದಲ್ಲಿ ಕೂರಿಸಿದ್ದರು. ಅವನು ಈಗಲೂ ಅಲ್ಲೇ ಇದ್ದಾನೆ. ಸತ್ತಿದ್ದಾನಲ್ಲ, ಇಳಿಸುವಂತಿಲ್ಲ.

ಮೊದಲ ಮೂರು ಜಾಗದವರೂ ಸತ್ತವರೇ. ಒಂದನೆಯದು ಗಿಡುಗ, ಎರಡನೆಯದು ಗೂಡ್ಸ್ ಗಾಡಿ, ಮೂರನೆಯದು ಮುಂಗುಸಿ. ಅಂಗಳದಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಇರಲಿಲ್ಲ. ಹೀಗಾಗಿ ನಿಜವಾದ ಕಿತ್ತಾಟವೆಲ್ಲ ನಾಲ್ಕರಿಂದ ಕೆಳಗೆ. ಆದರೂ ಪ್ರತಿ ವರ್ಷ ಯಾರಾದರೊಬ್ಬರು ಗಿಡುಗನ ತಂಟೆಗೆ ಹೋಗದೆ ಬಿಡುತ್ತಿರಲಿಲ್ಲ.

"ನಮ್ಮ ಸ್ಪ್ರಿಂಗ್ ನಾಲ್ಕು ಕಪ್ ಗೆದ್ದಿದ್ದಾನೆ, ಗಿಡುಗ ಗೆದ್ದಿದ್ದು ಒಂದೇ ಒಂದು," ಎನ್ನುತ್ತಿದ್ದ ಈಗಿನ ತಂಡದ ಕೋಚ್. ಅಲ್ಲಿದ್ದವರಲ್ಲಿ ಅವನೇ ಚಿಕ್ಕವನು.

"ನಾಲ್ಕು ಕಪ್ಪು ಯಾರ ಮೇಲೆ ಗೆದ್ದ ಅಂತಾನೂ ಹೇಳಪ್ಪ," ಎನ್ನುತ್ತಿದ್ದರು ವಕೀಲರ ಗುಮಾಸ್ತರು. ಕೋರ್ಟಿನಲ್ಲಿ ಬಾಯಿ ಬಿಡುವ ಭಾಗ್ಯವಿಲ್ಲದ ಅವರು ವರ್ಷದ ವಾದವನ್ನೆಲ್ಲ ಈ ಭಾನುವಾರಕ್ಕೆಂದೇ ಕೂಡಿಟ್ಟುಕೊಂಡು ಬರುತ್ತಿದ್ದರು. "ಗಿಡುಗ ಆಡಿದ್ದು ಸಿಮೆಂಟ್ ನೆಲದ ಮೇಲೆ, ಸವೆದ ಚರ್ಮದ ಚೆಂಡಲ್ಲಿ. ಆಗ ಮೂರು ಅಂಕದ ಗೆರೆ ಎಲ್ಲಿತ್ತು? ಎಷ್ಟು ದೂರದಿಂದ ಹಾಕಿದ್ರೂ ಎರಡೇ. ನಿಮ್ಮ ಸ್ಪ್ರಿಂಗನ್ನ ಆ ನೆಲದ ಮೇಲೆ ಬಿಟ್ಟಿದ್ರೆ ಮಂಡಿ ಹಿಡ್ಕೊಂಡು ಕೂತಿರ್ತಿದ್ದ."

ಹೀಗೆ ಮಾತಿಗೆ ಮಾತು ಬೆಳೆದು ಇನ್ನೇನು ಕೈ ಕೈ ಮಿಲಾಯಿಸಬೇಕು ಎನ್ನುವಾಗ ಎಲ್ಲರೂ ಪೆನ್ಸಿಲ್ ಮೇಷ್ಟ್ರ ಕಡೆ ತಿರುಗುತ್ತಿದ್ದರು. ಮೇಷ್ಟ್ರು ಚೀಲದಿಂದ ಬುಕ್ಕು ತೆಗೆದು, ಕನ್ನಡಕ ಏರಿಸಿ, ಗಿಡುಗ ಕಪ್ ಗೆದ್ದ ಫೈನಲ್ಲಿನ ಪುಟ ಓದುತ್ತಿದ್ದರು. "ಏಳನೇ ನಂಬರ್. ಕೆಂಪಲ್ಲಿ ಹತ್ತೊಂಬತ್ತು. ನೀಲೀಲಿ ಇಪ್ಪತ್ತೆರಡು. ಒಟ್ಟು ನಲವತ್ತೊಂದು." ಏಳನೆಯ ನಂಬರ್ ಗಿಡುಗನದು. ಈ ಅಂಗಳದಲ್ಲಿ ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ಫೈನಲ್ಲಿನಲ್ಲಿ ಯಾರೂ ನಲವತ್ತು ಮುಟ್ಟಿದವರಿಲ್ಲ.

ಯಾರಾದರೂ "ನಾವು ನೋಡಿದ ಹಾಗೆ" ಎಂದು ರಾಗ ತೆಗೆದರೆ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳುತ್ತಿದ್ದರು: "ನೀನು ನೋಡಿದ್ದು ನಿನ್ನ ತಲೇಲಿರುತ್ತೆ, ದಿನಕ್ಕೊಂದು ಥರ ಆಗುತ್ತೆ. ಬುಕ್ಕಲ್ಲಿ ಇದೆಯೋ? ಹಾಗಿದ್ರೆ ಆಯ್ತು. ಇಲ್ವೋ? ಹಾಗಿದ್ರೆ ಆಗಿಲ್ಲ."

ಮೂವತ್ತನಾಲ್ಕು ವರ್ಷ ಅವರು ಹೀಗೆ ಹೇಳಿಕೊಂಡು ಬಂದರು. ಆ ಪುಟದಲ್ಲಿ ತಾವು ಬರೆದದ್ದು ಆದದ್ದಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಡೆದದ್ದು ಇಷ್ಟು. ಗಿಡುಗ ಇದ್ದದ್ದು ನೀರು ಸರಬರಾಜಿನವರ ತಂಡದಲ್ಲಿ. ಅದೇ ತಂಡದಲ್ಲಿ ಹನ್ನೊಂದನೆಯ ನಂಬರಿನವನೊಬ್ಬನಿದ್ದ. ಪಂಪ್‌ಹೌಸಿನಲ್ಲಿ ಫಿಟ್ಟರ್, ಎಡಚ, ಆರಡಿ ನಾಲ್ಕಂಗುಲದ ಕಡ್ಡಿ ದೇಹ. ಕೊಕ್ಕರೆ ಎನ್ನುತ್ತಿದ್ದರು. ಈ ಕೊಕ್ಕರೆ ಮೇಷ್ಟ್ರ ಹೆಂಡತಿಯ ಸ್ವಂತ ತಮ್ಮ. ಮೇಷ್ಟ್ರಿಗೆ ಆಗ ಮದುವೆಯಾಗಿ ಒಂದೂವರೆ ವರ್ಷ. ಸೆಮಿಫೈನಲ್ಲಿನಲ್ಲಿ ಯಾರ ಕೈ ತಾಗಿ ಬಿತ್ತೆಂದು ಗೊತ್ತಾಗದ ಒಂದು ಬುಟ್ಟಿಯನ್ನು ಮೇಷ್ಟ್ರು ಹನ್ನೊಂದಕ್ಕೆ ಬರೆದಾಗ ಎದುರಾಳಿ ತಂಡದ ಮ್ಯಾನೇಜರ್ ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದ್ದ: "ಹೆಂಡ್ತಿ ತಮ್ಮ ಅಂದ್ರೆ ಪೆನ್ಸಿಲ್ ತಾನಾಗೇ ಓಡುತ್ತೆ ನೋಡ್ರಪ್ಪಾ!" ಜನ ನಕ್ಕರು. ಮೇಷ್ಟ್ರ ಮುಖ ಸುಟ್ಟ ಹಾಗಾಯಿತು. ಎರಡು ವಾರ ಅವರಿಗೆ ಅನ್ನ ಸೇರಲಿಲ್ಲ, ಹೆಂಡತಿಯ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ.

ಫೈನಲ್ ದಿನ ಗಿಡುಗ ಮೊದಲರ್ಧದಲ್ಲಿ ಹತ್ತೊಂಬತ್ತು ಅಂಕ ಹಾಕಿದ. ಅರ್ಧ ಮುಗಿಯುವ ಹೊತ್ತಿಗೆ ಅವನ ಕಾಲು ಉಳುಕಿ, ನೆಲಕ್ಕೆ ಊರಲಿಕ್ಕೂ ಆಗದ ಹಾಗಾಯಿತು. ಅದೇ ಹೊತ್ತಿಗೆ ಯಾರೋ ಹಿಂದಿನಿಂದ ಎಳೆದು ಕೊಕ್ಕರೆಯ ಜರ್ಸಿ ಕಂಕುಳಿಂದ ಸೊಂಟದವರೆಗೆ ಹರಿದಿತ್ತು. ಹರಿದದ್ದರಲ್ಲಿ ಆಡಬಾರದು ಎಂದರು ರೆಫರಿ. ತಂಡದ ಹತ್ತಿರ ಇದ್ದದ್ದೇ ಹತ್ತು ಜರ್ಸಿ. ಗಿಡುಗ ತನ್ನದನ್ನು ಬಿಚ್ಚಿ ಕೊಕ್ಕರೆಗೆ ಕೊಟ್ಟ. ನಂಬರ್ ಬದಲಾದರೆ ಸ್ಕೋರ್ ಮೇಜಿಗೆ ಬಂದು ಹೇಳಬೇಕು. ಹೇಳಿದರೆ ಎಲ್ಲಿ ದಂಡ ಅಂತ ಎದುರಿನವರಿಗೆ ಒಂದು ಫ್ರೀ ಥ್ರೋ ಕೊಟ್ಟುಬಿಡುತ್ತಾರೋ ಎಂದು ತಂಡದವರು ಬಾಯಿ ಬಿಡಲಿಲ್ಲ. ರೆಫರಿ ಹೊರಗಿನಿಂದ ಬಂದವರು, ಅವರಿಗೆ ನಂಬರ್ ಗೊತ್ತೇ ಹೊರತು ಮುಖ ಗೊತ್ತಿಲ್ಲ.

ಮೇಜಿನ ಹಿಂದೆ ಕೂತವರಿಗೆ ಮುಖ ಗೊತ್ತಿತ್ತು. ಬೆಳಿಗ್ಗೆ ತಾನೇ ಆ ಮುಖ ಅವರ ಮನೆಯ ಅಡುಗೆಮನೆಯಲ್ಲಿ ಕಾಫಿ ಕುಡಿದು ಬಂದಿತ್ತು. ಅವರು ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಿದರೆ ಜನ ಏನೆನ್ನುತ್ತಾರೆ? ಮತ್ತೆ ಹೆಂಡತಿಯ ತಮ್ಮನ ಲೆಕ್ಕಕ್ಕೆ ಬರೆಯಲು ಹೊರಟ ಅನ್ನುತ್ತಾರೆ. ಆ ದಿನ ಕೊಕ್ಕರೆ ಎಡಗೈಯಿಂದ, ಮೂಲೆಯಿಂದ, ಅರ್ಧ ಅಂಗಳದಾಚೆಯಿಂದ ಇಪ್ಪತ್ತೆರಡು ಅಂಕ ಹಾಕಿದ. ಮೇಷ್ಟ್ರು ಹನ್ನೆರಡು ಸಲ ನೀಲಿ ತುದಿಯಿಂದ ಏಳು, ಏಳು, ಏಳು ಎಂದು ಬರೆದರು. ಪ್ರತಿ ಸಲವೂ ತಾನು ಎಷ್ಟು ನಿಷ್ಪಕ್ಷಪಾತಿ ಎಂದು ಒಳಗೊಳಗೇ ಬೀಗಿದರು. ಇದನ್ನು ಅವರು ಎಷ್ಟೋ ವರ್ಷಗಳ ಮೇಲೆ ತಮಗೆ ತಾವೇ ಒಪ್ಪಿಕೊಂಡರು, ಅದೂ ಕಷ್ಟಪಟ್ಟು.

ಮರುದಿನ ಸ್ಥಳೀಯ ಪತ್ರಿಕೆಯ ಕರಡು ಅವರದೇ ಮೇಜಿಗೆ ಬಂತು. 'ಗಿಡುಗನ ನಲವತ್ತೊಂದು' ಎಂಬ ತಲೆಬರಹ. ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಮೇಷ್ಟ್ರು ಅದನ್ನು ಸರಿಪಡಿಸಿ ಸಹಿ ಹಾಕಿ ಕಳಿಸಿದರು.

ಆವತ್ತೇ ಒಂದಿಬ್ಬರು ಗೊಣಗಿದ್ದುಂಟು, ಅದು ಕೊಕ್ಕರೆ ಅಲ್ಲವೇನಯ್ಯಾ ಎಂದು. ಆದರೆ ಎಂಟು ತಿಂಗಳಲ್ಲಿ ಗಿಡುಗ ಲಾರಿಯಡಿ ಸಿಕ್ಕಿ ಸತ್ತ. ಇಪ್ಪತ್ತಾರು ವಯಸ್ಸು. ಬೋರ್ಡು ಶುರುವಾದದ್ದೇ ಅವನ ನೆನಪಿಗೆ. ಸತ್ತವನ ಅಂಕಕ್ಕೆ ಕೈ ಹಾಕುವ ಕಲ್ಲೆದೆ ಯಾರಿಗೂ ಇರಲಿಲ್ಲ. ತಂಡದವರು ವರ್ಗವಾಗಿ ಅಲ್ಲೊಬ್ಬ ಇಲ್ಲೊಬ್ಬ ಚದುರಿದರು, ಕೆಲವರು ತೀರಿಕೊಂಡರು. ಪಂದ್ಯ ನೋಡಿದ್ದ ನಾಲ್ಕಾರು ಜನ ವರ್ಷಾ ವರ್ಷ ಮೇಷ್ಟ್ರು ಓದಿದ್ದನ್ನು ಕೇಳಿ ಕೇಳಿ, ತಾವು ಕಂಡದ್ದೂ ಅದನ್ನೇ ಎಂದು ನಂಬಿಬಿಟ್ಟರು.

ಕೊಕ್ಕರೆ ಮಾತ್ರ ಆ ವಿಷಯಕ್ಕೆ ತುಟಿ ಪಿಟಕ್ಕೆನ್ನಲಿಲ್ಲ. ಬೇರೆ ಎಲ್ಲಕ್ಕೂ ನಗುವ, ಕೀಟಲೆ ಮಾಡುವ ಮನುಷ್ಯ. ಅಂಗಳದ ವಾದಕ್ಕೆ ಕರೆದರೆ "ಪಂಪ್ ನೋಡ್ಕೋಬೇಕು" ಎಂದು ತಪ್ಪಿಸಿಕೊಳ್ಳುತ್ತಿದ್ದ. ಒಮ್ಮೆ ಮೇಷ್ಟ್ರೇ ಧೈರ್ಯ ಮಾಡಿ ಮಾತೆತ್ತಿದ್ದಕ್ಕೆ, "ಬಿಡಿ ಭಾವ, ಸತ್ತವನ ಮೈಮೇಲಿನ ಜರ್ಸಿ ಬಿಚ್ಕೊಳ್ಳೋಕಾಗುತ್ತಾ?" ಎಂದಿದ್ದ. ಮೇಷ್ಟ್ರಿಗೆ ಬದುಕಿದೆಯಾ ಬಡಜೀವವೇ ಅನ್ನಿಸಿತ್ತು. ನಾಚಿಕೆಗೇಡಿನ ಸಮಾಧಾನ, ಆದರೂ ಸಮಾಧಾನವೇ.

ಮದುವೆಯಾಗದೆ ಉಳಿದ ಕೊಕ್ಕರೆ ನಿವೃತ್ತನಾದ ಮೇಲೆ ಅಕ್ಕನ ಮನೆಯ ಹಿಂದಿನ ಕೋಣೆಗೆ ಬಂದು ಸೇರಿಕೊಂಡ. ಎರಡು ವರ್ಷದಲ್ಲಿ ಹೃದಯ ಕೈಕೊಟ್ಟಿತು. ಕಾಲು ಬಾತುಕೊಂಡವು, ಹತ್ತು ಹೆಜ್ಜೆಗೆ ಏದುಸಿರು. ಮಂಚ ಅವನ ಉದ್ದಕ್ಕೆ ಸಾಲದೆಂದು ಕಾಲಿನ ಕಡೆ ಒಂದು ಸ್ಟೂಲ್ ಇಟ್ಟು, ಅದರ ಮೇಲೆ ಮಡಿಸಿದ ಕಂಬಳಿ ಹಾಕಿದ್ದರು. ಅಕ್ಕನಿಗೆ ಎರಡು ಕಣ್ಣಿಗೂ ಪೊರೆ. ಶಸ್ತ್ರಚಿಕಿತ್ಸೆಗೆ ಗೊತ್ತುಮಾಡಿದ್ದ ದಿನವನ್ನು ತಮ್ಮನಿಗೋಸ್ಕರ ಎರಡು ಸಲ ಮುಂದೂಡಿ, ಗೋಡೆ ತಡವಿಕೊಂಡೇ ಅವನ ಮಾತ್ರೆ, ನೀರು ನೋಡಿಕೊಳ್ಳುತ್ತಿದ್ದಳು.

ಡಾಕ್ಟರು ಇನ್ನು ಕೆಲವು ವಾರ ಎಂದು ಹೇಳಿಹೋದ ಮಧ್ಯಾಹ್ನ ಕೊಕ್ಕರೆ ಮೇಷ್ಟ್ರನ್ನು ಕರೆದ. ಅಕ್ಕ ಅಲ್ಲೇ ನೆಲದ ಮೇಲೆ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಭಾವ, ವಾದ ಈ ಭಾನುವಾರ ಅಲ್ವಾ?"

"ಹೌದು."

"ಈ ಸಲ ನನ್ನ ವಿಷಯ ಒಂದು ಮಾತು ಎತ್ತುತ್ತೀರಾ?" ಅವನು ಮೇಲಿನ ಫ್ಯಾನ್ ನೋಡುತ್ತ ಕೇಳಿದ. "ಗಿಡುಗನ ಜಾಗ ಬೇಡ. ಹತ್ತನೇದು ಸಾಕು. ಹೋದ ಮೇಲೆ ಹಾಕೋದಿಲ್ವಂತಲ್ಲ, ಅದಕ್ಕೇ ಕೇಳ್ತಿದ್ದೀನಿ. ಪಂಪ್‌ಹೌಸಲ್ಲಿ ಮೂವತ್ತು ವರ್ಷ ಬೋಲ್ಟ್ ಬಿಗಿ ಮಾಡಿದ್ದು ಬಿಟ್ರೆ ಆ ಇಪ್ಪತ್ತು ನಿಮಿಷಾನೇ ನಾನು ಮಾಡಿದ್ದು."

ಅಕ್ಕ ಮಡಿಸುವುದನ್ನು ನಿಲ್ಲಿಸಿ "ಯಾವ ಇಪ್ಪತ್ತು ನಿಮಿಷ?" ಎಂದಳು.

ಅವಳಿಗೆ ಆವರೆಗೆ ಯಾರೂ ಹೇಳಿರಲಿಲ್ಲ. ಮೇಷ್ಟ್ರು ಹೇಳಿದರು. ಕರಡು ಓದುವ ಹಾಗೆ, ಒಂದೂ ಬಿಡದೆ, ಸೆಮಿಫೈನಲ್ಲಿನ ಕೂಗಿನಿಂದ ಹಿಡಿದು ಒತ್ತಕ್ಷರದವರೆಗೆ. ಕೇಳಿಸಿಕೊಂಡು ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಹೋಗಿ ಹೇಳಿ ಬನ್ನಿ," ಎಂದಳು, ಅಷ್ಟೇ.

ಭಾನುವಾರ ಕೋಣೆಯಲ್ಲಿ ಎಂದಿನ ಗದ್ದಲ. ಸ್ಪ್ರಿಂಗ್ ನಾಲ್ಕನೆಯ ಜಾಗದಲ್ಲಿರಬೇಕೋ ಐದರಲ್ಲೋ ಎಂದು ಒಂದು ಗಂಟೆ ಕಳೆಯಿತು. ಡಿಫೆನ್ಸ್ ಮಾಡುವವನ ಬೆವರನ್ನು ಯಾವ ಬುಕ್ಕೂ ಬರೆಯುವುದಿಲ್ಲ ಎಂದು ಒಬ್ಬ ಗೋಳಾಡಿದ. ಕೊನೆಗೆ ಮೇಷ್ಟ್ರು ಎದ್ದು ನಿಂತರು. ಅವರು ಎದ್ದು ನಿಂತದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಕೂತಲ್ಲಿಂದಲೇ ತೀರ್ಪು ಕೊಡುವ ಮನುಷ್ಯ.

"ನಾನೊಂದು ತಪ್ಪು ಬರೆದಿದ್ದೀನಿ," ಎಂದು ಶುರುಮಾಡಿ, ಜರ್ಸಿ ಬದಲಾದದ್ದನ್ನು, ತಾವು ಕಂಡೂ ಸುಮ್ಮನಿದ್ದದ್ದನ್ನು ಹೇಳಿ ಮುಗಿಸಿದರು. "ಕೆಂಪಿನ ಹತ್ತೊಂಬತ್ತು ಗಿಡುಗಂದು. ನೀಲಿ ಇಪ್ಪತ್ತೆರಡು ಕೊಕ್ಕರೆದು. ಗಿಡುಗನ್ನ ಇಳಿಸಿ ಅಂತ ನಾನು ಕೇಳ್ತಿಲ್ಲ. ಹತ್ತನೇ ಜಾಗಕ್ಕೆ ಕೊಕ್ಕರೆ ಹೆಸರು ಬರೀರಿ. ಅವನಿಗೆ ಹೆಚ್ಚು ದಿನ ಇಲ್ಲ."

ಗುಮಾಸ್ತರು ಮೆಲ್ಲಗೆ ಕೇಳಿದರು, "ಬುಕ್ಕಲ್ಲಿ ಇದೆಯಾ ಮೇಷ್ಟ್ರೇ?"

"ಬುಕ್ಕಲ್ಲಿ ಏಳು ಅಂತಿದೆ. ಅದೇ ತಪ್ಪು ಅಂತ ತಾನೇ ಹೇಳ್ತಿರೋದು?"

"ಬುಕ್ಕಲ್ಲಿ ಇಲ್ಲ ಅಂದ್ರೆ ಆಗಿಲ್ಲ. ಇದು ನಿಮ್ಮ ಮಾತೇ, ನಂದಲ್ಲ."

ಮೇಷ್ಟ್ರು ಚೀಲದಿಂದ ಕಪ್ ಗೆದ್ದ ದಿನದ ಫೋಟೋ ತೆಗೆದರು. ಬಹುಮಾನಕ್ಕೆ ನಿಲ್ಲುವ ಮೊದಲು ಜರ್ಸಿಗಳು ಮತ್ತೆ ಅವರವರ ಮೈಗೆ ಹೋಗಿದ್ದವು. ಏಳರಲ್ಲಿ ಗಿಡುಗ, ಕಂಕುಳು ಹರಿದ ಹನ್ನೊಂದರಲ್ಲಿ ಕೊಕ್ಕರೆ. "ಈ ಹರುಕಲ್ಲಿ ಇವನು ಎರಡನೇ ಅರ್ಧ ಆಡೋಕೆ ಹೇಗೆ ಸಾಧ್ಯ?" ಎಂದರು.

"ಕೊನೇ ನಿಮಿಷದಲ್ಲಿ ಹರಿದಿರಬಹುದಲ್ಲ," ಎಂದರು ಗುಮಾಸ್ತರು. ಅವರಿಗೂ ಇದು ಹಿತವಾಗಿರಲಿಲ್ಲ, ಆದರೆ ವಾದದ ಎಳೆ ಸಿಕ್ಕ ಮೇಲೆ ಬಿಡುವ ಜೀವವಲ್ಲ. "ಆ ಬೋರ್ಡಲ್ಲಿರೋ ಹತ್ತೂ ಹೆಸರು ನಿಮ್ಮ ಬುಕ್ಕಿನ ಮೇಲೆ ನಿಂತಿದೆ. ಈ ಪುಟ ಸುಳ್ಳು ಅಂದ್ರೆ ಉಳಿದ ಪುಟ ನಿಜ ಅಂತ ನಾವು ಹೇಗೆ ನಂಬೋದು?"

ಪೇಂಟರ್ ಅಷ್ಟು ಹೊತ್ತೂ ನೆಲ ನೋಡುತ್ತಿದ್ದವನು ತಲೆ ಎತ್ತಿದ. "ಆ ಮ್ಯಾಚ್ ನಾನು ನೋಡಿದ್ದೀನಿ ಸಾರ್, ಹಗ್ಗದ ಪಕ್ಕದಲ್ಲೇ ನಿಂತು. ಎರಡನೇ ಅರ್ಧದಲ್ಲಿ ಗಿಡುಗ ಎಡಗೈಯಿಂದ ಮೂಲೇಲಿ ನಿಂತು ಹಾಕಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ."

"ಗಿಡುಗ ಬಲಗೈಯವನು," ಎಂದರು ಮೇಷ್ಟ್ರು.

ಪೇಂಟರ್ ತನ್ನದೇ ಎಡಗೈ ಎತ್ತಿ ನೋಡಿಕೊಂಡ.

"ನಾನು ಗಿಡುಗನ್ನೂ ಕಂಡಿಲ್ಲ, ಕೊಕ್ಕರೇನೂ ಕಂಡಿಲ್ಲ," ಎಂದ ಕೋಚ್. "ಆದ್ರೆ ಈ ಮನುಷ್ಯ ಇಷ್ಟು ವರ್ಷದಲ್ಲಿ ಒಂದು ಅಂಕ ಸುಳ್ಳು ಬರೆದೋರಲ್ಲ."

"ಇಪ್ಪತ್ತೆರಡು ಬರೆದೆ ಅಂತ ಅವರೇ ಹೇಳ್ತಿದ್ದಾರಲ್ಲಪ್ಪ!" ಎಂದರು ಗುಮಾಸ್ತರು. ಕೋಣೆ ಗೊಳ್ಳೆಂದು ನಕ್ಕಿತು. ನಗುವಿನ ನಡುವೆ ಹಿಂದಿನ ಬೆಂಚಿನಿಂದ ಯಾರೋ, "ಎಷ್ಟಾದರೂ ಹೆಂಡ್ತಿ ತಮ್ಮ ಅಲ್ವೇ," ಎಂದರು.

ಯಾವ ಮಾತಿಗೆ ಹೆದರಿ ಮೂವತ್ತನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದರೋ ಅದೇ ಮಾತು. ಅಂದೇ ಇದನ್ನು ಕೇಳಿಸಿಕೊಂಡು ಕೊಡವಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಮೇಷ್ಟ್ರು ಬೆಂಚಿನ ತುದಿ ಹಿಡಿದುಕೊಂಡು ಕೂತರು. ಕೈ ಎತ್ತಿಸಿದಾಗ ಕೊಕ್ಕರೆಯ ಪರವಾಗಿ ಎದ್ದದ್ದು ಎರಡೇ ಕೈ, ಕೋಚ್ ಮತ್ತು ಪೇಂಟರ್. ಪೇಂಟರ್ ಎತ್ತಿದ್ದು ಎಡಗೈ.

ಮನೆಗೆ ಬರುವ ದಾರಿ ಹತ್ತು ನಿಮಿಷದ್ದು. ಅಂದು ಮುಕ್ಕಾಲು ಗಂಟೆ ಹಿಡಿಯಿತು. ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳುವುದೆಂದು ನಿರ್ಧರಿಸಿಕೊಂಡೇ ಹಿಂದಿನ ಕೋಣೆಯ ಬಾಗಿಲು ದಾಟಿದರು. ಕೊಕ್ಕರೆ ದಿಂಬಿಗೊರಗಿ ಕೂತಿದ್ದ. ತಲೆ ಬಾಚಿಕೊಂಡಿದ್ದ. ಆ ಬಾಚಿದ ತಲೆ ನೋಡಿದ್ದೇ ಮೇಷ್ಟ್ರ ನಿರ್ಧಾರವೆಲ್ಲ ಕರಗಿ ನೀರಾಯಿತು.

"ಎಷ್ಟನೇದು ಭಾವ?"

"ಮೂರನೇದು," ಎಂದುಬಿಟ್ಟರು ಮೇಷ್ಟ್ರು.

ಸುಳ್ಳು ಹೇಳಿ ರೂಢಿಯಿಲ್ಲದವರ ಹಣೆಬರಹವೇ ಅದು, ಚಿಕ್ಕದು ಸಾಕಾಗುವಲ್ಲಿ ದೊಡ್ಡದನ್ನೇ ಹೇಳುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ "ಮೂರಾ!" ಎಂದು ಉದ್ಗರಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊಕ್ಕರೆ ಸ್ವಲ್ಪ ಹೊತ್ತು ಮೇಷ್ಟ್ರ ಮುಖವನ್ನೇ ನೋಡಿದ. ಆಮೇಲೆ ನಕ್ಕ.

"ಮೂರು ಜಾಸ್ತಿ ಆಯ್ತು ಭಾವ. ನಾನು ಐದನೆಯವನು. ಐದು ಅಂತ ಮಾಡಿಸಿ."

"ಬಹುಮತದ ತೀರ್ಮಾನ, ಬದಲಾಯಿಸೋಕಾಗಲ್ಲ."

"ಅಲ್ಲಾ, ಮುಂಗುಸಿಗಿಂತ ನಾನು ಮೇಲಾ? ಚೆಂಡು ಅವನ ಕೈಯಲ್ಲಿದೆ ಅನ್ನೋದು ಬುಟ್ಟಿಗೆ ಬಿದ್ದ ಮೇಲೆ ಗೊತ್ತಾಗ್ತಿತ್ತು. ನಾನು ಏನು, ನಿಂತ್ಕೊಂಡು ಎಸೀತಿದ್ದೆ ಅಷ್ಟೇ. ಐದು ಹಾಕಿಸಿ, ಚೆನ್ನಾಗಿರುತ್ತೆ."

ಅಂದು ಮಧ್ಯಾಹ್ನ ಎರಡು ಗಂಟೆ ಕಾಲ ಆ ಚಿಕ್ಕ ಕೋಣೆಯಲ್ಲಿ ಭಾವ ಮೈದುನ ಇಬ್ಬರೂ ವಾದ ಮಾಡಿದರು. ಮೂವತ್ತನಾಲ್ಕು ವರ್ಷ ಮುಟ್ಟದಿದ್ದ ವಿಷಯವನ್ನು ಮುಟ್ಟಿದ್ದೇ ತಡ, ಇಬ್ಬರಿಗೂ ಮಾತು ಸಾಲದಾಯಿತು. ಗೂಡ್ಸ್ ಗಾಡಿ ಬುಟ್ಟಿಯಡಿ ನಿಂತರೆ ಅಲುಗಾಡಿಸಲು ಕ್ರೇನ್ ಬೇಕಾಗಿದ್ದದ್ದು, ಸ್ಪ್ರಿಂಗ್ ಫ್ರೀ ಥ್ರೋ ಹಾಕುವ ಮುಂಚೆ ಮೂರು ಸಲ ಚಡ್ಡಿ ಮೇಲೆಳೆದುಕೊಳ್ಳುತ್ತಿದ್ದದ್ದು, ಗಿಡುಗ ಆ ದಿನ ಜರ್ಸಿ ಬಿಚ್ಚಿ ಕೊಡುವಾಗ "ನನ್ನ ಮರ್ಯಾದೆ ತೆಗೀಬೇಡ ಕಣೋ" ಎಂದದ್ದು. ಕೊಕ್ಕರೆ ನಗುವುದು, ಕೆಮ್ಮುವುದು, ಮತ್ತೆ "ಐದು, ಐದಕ್ಕಿಂತ ಮೇಲೆ ಒಪ್ಪಲ್ಲ" ಎನ್ನುವುದು. ಮೇಷ್ಟ್ರು ಮೂರಕ್ಕೆ ಗಂಟುಬಿದ್ದು ವಾದಿಸುವುದು. ಅಷ್ಟು ಖುಷಿಯಾಗಿ ತಾವು ಯಾವಾಗ ಮಾತಾಡಿದ್ದು ಎಂದು ಅವರಿಗೇ ನೆನಪಿರಲಿಲ್ಲ. ಒಂದು ಸುಳ್ಳಿಗೆ ಇಷ್ಟು ಸಿಗುವುದಾದರೆ ಮೊದಲೇ ಹೇಳಬಹುದಿತ್ತು ಎಂದೂ ಅನ್ನಿಸಿತು.

ಒಂಬತ್ತನೆಯ ದಿನ ಬೆಳಿಗ್ಗೆ ಕೊಕ್ಕರೆ ತೀರಿಕೊಂಡ. ಅಂಗಳದಿಂದ ಪೇಂಟರ್ ಮತ್ತು ಕೋಚ್ ಬಂದಿದ್ದರು. ಗುಮಾಸ್ತರೂ ಬಂದು, ಮೇಷ್ಟ್ರ ಕೈ ಹಿಡಿದುಕೊಂಡು ನಿಂತು ಹೋದರು.

ಎಲ್ಲ ಮುಗಿದು ನೆಂಟರು ಚದುರಿದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. "ರೀ, ನನ್ನ ಅಂಗಳಕ್ಕೆ ಕರ್ಕೊಂಡು ಹೋಗಿ. ಅವನ ಹೆಸರು ನೋಡ್ಬೇಕು."

"ನಿಂಗೆ ಕಣ್ಣು ಕಾಣಲ್ಲ, ಆಪರೇಷನ್ ಆಗಲಿ, ಹೋಗೋಣ," ಎಂದರು ಮೇಷ್ಟ್ರು.

"ಕಾಣದಿದ್ರೆ ನೀವು ಓದಿ ಹೇಳಿ. ಮುಟ್ಟಿಯಾದರೂ ಬರ್ತೀನಿ."

ಮದುವೆಯಾಗಿ ಮೂವತ್ತೈದು ವರ್ಷ ಕಳೆದರೂ ಅವಳು ಆ ಅಂಗಳಕ್ಕೆ ಬಂದವಳಲ್ಲ. ಗಂಡನ ತೋಳು ಹಿಡಿದು ನಿಧಾನ ನಡೆದು ಬಂದಳು. ಅಂಗಳ ಖಾಲಿಯಿತ್ತು, ಒಂದು ಬುಟ್ಟಿಯ ಬಲೆ ಹರಿದು ಎರಡು ಗಂಟಿನ ಮೇಲೆ ನೇತಾಡುತ್ತಿತ್ತು. ಪೇಂಟರ್ ಈ ವರ್ಷದ ಕೆಲಸ ಮುಗಿಸಿದ್ದ, ಬೋರ್ಡಿನ ಕೆಳಭಾಗ ಹೊಸ ಬಣ್ಣದಿಂದ ಮಿರಿಮಿರಿ ಎನ್ನುತ್ತಿತ್ತು. ಅವಳು ಕೈ ಚಾಚಿ ತಗಡನ್ನು ಮುಟ್ಟಿ, "ಓದಿ," ಎಂದಳು.

ಮೇಷ್ಟ್ರು ಜೀವಮಾನವೆಲ್ಲ ಅಚ್ಚಾದದ್ದನ್ನು ಗಟ್ಟಿಯಾಗಿ ಓದಿ ತಾಳೆ ನೋಡಿದವರು. ಇದ್ದದ್ದನ್ನು ಇದ್ದ ಹಾಗೆ ಓದಿ ಪಳಗಿದ ನಾಲಿಗೆ. "ಒಂದು, ಗಿಡುಗ," ಎಂದರು. "ಎರಡು, ಗೂಡ್ಸ್ ಗಾಡಿ." ಇನ್ನೊಂದು ಸುಳ್ಳು ಹೇಳಿದರೆ ಮುಗಿಯಿತು, ಅವಳಿಗೇನು ಕಾಣುತ್ತದೆಯೇ ಎಂದುಕೊಳ್ಳುತ್ತ ಮೂರನೆಯ ಸಾಲಿಗೆ ಕಣ್ಣು ಹಾಯಿಸಿದರು. ಅಲ್ಲಿ ಮುಂಗುಸಿಯ ಹೆಸರಿತ್ತು. ಹನ್ನೊಂದು ವರ್ಷದ ಹಳೆಯ ಬಣ್ಣ, ಬಿಸಿಲಿಗೆ ಬಿರಿದು ಚಕ್ಕೆ ಎದ್ದಿತ್ತು. ಪೇಂಟರ್ ಅದಕ್ಕೆ ಕುಂಚ ತಾಗಿಸಿರಲಿಲ್ಲ. ತಾಗಿಸುವ ಹಾಗೇ ಇಲ್ಲ. ಮುಂಗುಸಿ ಸತ್ತು ಹನ್ನೊಂದು ವರ್ಷವಾಗಿತ್ತು.

ಸತ್ತವನ ಜಾಗ ಖಾಯಂ. ಮೂರನೆಯ ಜಾಗ ಯಾರಿಗೂ ಕೊಡಲು ಬರುವುದಿಲ್ಲ. ಬುಕ್ಕಿನ ಮನುಷ್ಯ, ಕಟ್ಟುಪಾಡಿನ ಮನುಷ್ಯ, ತಾನೇ ಅದನ್ನು ಮರೆತು ಬಾಯಿಗೆ ಬಂದದ್ದನ್ನು ಹೇಳಿದ್ದರು. ಕೊಕ್ಕರೆ ಮರೆತಿರಲಿಲ್ಲ. "ಹೋದ ಮೇಲೆ ಹಾಕೋದಿಲ್ವಂತಲ್ಲ" ಎಂದು ಅಷ್ಟು ಸರಿಯಾಗಿ ಹೇಳಿದವನಿಗೆ ಇದು ತಿಳಿಯದೆ ಇರುತ್ತದೆಯೇ? ಮೂರು ಎಂದು ಕೇಳಿದ ಗಳಿಗೆಯಲ್ಲೇ ಅವನಿಗೆ ಗೊತ್ತಾಗಿತ್ತು, ಬೋರ್ಡಿನಲ್ಲಿ ತನ್ನ ಹೆಸರಿಲ್ಲ ಎಂದು. ಅದಕ್ಕೇ ಐದು, ಐದು ಎಂದು ಅಷ್ಟು ಹೊತ್ತು ಹಟ ಹಿಡಿದಿದ್ದ. ಐದು ಬದುಕಿರುವವನ ಜಾಗ. ಅಲ್ಲಿಯಾದರೆ ಸುಳ್ಳು ನಿಲ್ಲುತ್ತಿತ್ತು. ಭಾವನ ತಪ್ಪನ್ನು ಭಾವನಿಗೆ ನೋವಾಗದ ಹಾಗೆ ತಿದ್ದಲು ನೋಡಿದ್ದ.

"ಮೂರು?" ಎಂದಳು ಹೆಂಡತಿ.

"ಮುಂಗುಸಿ," ಎಂದರು ಮೇಷ್ಟ್ರು. ನಿಲ್ಲಿಸದೆ ನಾಲ್ಕರಿಂದ ಹತ್ತರವರೆಗೆ ಇದ್ದ ಹೆಸರುಗಳನ್ನೆಲ್ಲ ಓದಿದರು.

ಅವಳ ಬೆರಳುಗಳು ತಗಡಿನ ಮೇಲೆ ಹಾಗೇ ಇದ್ದವು. "ಅವನಿಲ್ಲ," ಎಂದಳು.

"ಇಲ್ಲ. ಅವತ್ತು ನಾನು ಸುಳ್ಳು ಹೇಳಿದೆ. ಅವರು ಒಪ್ಪಲಿಲ್ಲ."

"ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಅವತ್ತು ಅಷ್ಟೊಂದು ನಗ್ತಿದ್ನಲ್ಲರೀ?"

"ನನಗೋಸ್ಕರ ನಗ್ತಿದ್ದ," ಎಂದರು ಮೇಷ್ಟ್ರು. ಅಳು ಬಂತು, ತಡೆದುಕೊಳ್ಳಲಿಲ್ಲ.

ಅವಳು ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಮತ್ತೆ ಗಂಡನ ತೋಳು ಹಿಡಿದು ಗೇಟಿನವರೆಗೆ ನಡೆದಳು. ಗೇಟು ದಾಟುವಾಗ ಮೆಟ್ಟಿಲಿದೆ ಎಂದು ಅವರು ಎಚ್ಚರಿಸಿದರು. ಅವಳು ಕಾಲಿನಿಂದ ಮೆಟ್ಟಿಲನ್ನು ತಡವಿ ನೋಡಿ ಇಳಿದು, "ಅವತ್ತೇ ಬರೀಬೇಕಾಗಿತ್ತು ನೀವು," ಎಂದಳು.

"ಹೌದು," ಎಂದರು ಮೇಷ್ಟ್ರು.